ಪ್ರತಿ ಮಾಡಿದ್ದು ಮಾತ್ರ ಉಳಿಯುತ್ತದೆ

ಮನೆಯಲ್ಲಿ ಹತ್ತಾರು ವರ್ಷಗಳ ವಿಡಿಯೊ ರಾಶಿಬಿದ್ದಿದೆ, ಎಲ್ಲಿ ಇಡಬೇಕು ಎಂದು ಯಾರನ್ನು ಕೇಳಿದರೂ ಈಗ ಸಿಗುವ ಉತ್ತರ ಒಂದೇ: ‘ಕ್ಲೌಡ್‌ಗೆ ಹಾಕಿಬಿಡಿ, ಆಮೇಲೆ ತಲೆಬಿಸಿಯೇ ಇಲ್ಲ.’ ಮೊಬೈಲ್ ಅಂಗಡಿಯವರು ಹೇಳುವುದೂ ಇದನ್ನೇ, ಬೆಂಗಳೂರಿನ ಕಂಪನಿಗಳಲ್ಲಿರುವ ಮಕ್ಕಳು ಊರಿನ ತಂದೆತಾಯಿಗೆ ಹೇಳುವುದೂ ಇದನ್ನೇ. ಈ ಒಂದು ಸಲಹೆಯಲ್ಲಿ ಮೂರು ನಂಬಿಕೆಗಳು ಸೇರಿಕೊಂಡಿವೆ. ಕ್ಲೌಡ್‌ಗೆ ಹೋದದ್ದು ಶಾಶ್ವತ ಎಂಬುದು ಮೊದಲನೆಯದು, ಅದು ಅಗ್ಗ ಎಂಬುದು ಎರಡನೆಯದು, ಒಮ್ಮೆ ಹಾಕಿದ ಮೇಲೆ ನಮ್ಮ ಕೆಲಸ ಮುಗಿಯಿತು ಎಂಬುದು ಮೂರನೆಯದು. ಫೋನಿನಲ್ಲಿರುವ ಒಂದಷ್ಟು ಫೋಟೊಗಳ ಮಟ್ಟಿಗೆ ಈ ಸಲಹೆಯಿಂದ ದೊಡ್ಡ ಹಾನಿಯಾಗದಿರಬಹುದು. ದೊಡ್ಡ ವಿಡಿಯೊ ಸಂಗ್ರಹದ ಮಟ್ಟಿಗೆ ಮಾತ್ರ ಮೂರೂ ನಂಬಿಕೆಗಳು ತಪ್ಪು. ಉಳಿಸುವುದೆಂದರೆ ಭದ್ರವಾದ ಒಂದು ಜಾಗ ಹುಡುಕುವ ಕೆಲಸ ಎಂದು ತಿಳಿದದ್ದರಲ್ಲೇ ತಪ್ಪಿನ ಬೇರಿದೆ. ಉಳಿಸುವುದೆಂದರೆ ಪ್ರತಿ ಮಾಡುವುದು, ಮಾಡಿದ ಪ್ರತಿ ಸರಿಯಿದೆಯೇ ಎಂದು ನೋಡಿಕೊಳ್ಳುವುದು, ಅದು ಹಳತಾಗುವ ಮೊದಲೇ ಇನ್ನೊಂದು ಪ್ರತಿ ಮಾಡುವುದು. ಈ ದುಡಿಮೆಯನ್ನು ಪೂರ್ತಿಯಾಗಿ ಬೇರೆಯವರಿಗೆ ವಹಿಸಿಕೊಟ್ಟು ಅಗ್ಗವಾಗಿ ಪಾರಾಗುವ ದಾರಿ ಇಲ್ಲ ಎಂಬುದು ನನ್ನ ವಾದ.

ವಾದ ಗಾಳಿಯಲ್ಲಿ ತೇಲಬಾರದು, ಆದ್ದರಿಂದ ಒಂದು ಸಂಗ್ರಹವನ್ನು ಕಣ್ಣಮುಂದೆ ಇಟ್ಟುಕೊಳ್ಳೋಣ. ಕರಾವಳಿಯಲ್ಲಿ ಯಕ್ಷಗಾನದ ಆಟಗಳನ್ನು ತಾವಾಗಿಯೇ ಚಿತ್ರೀಕರಿಸಿ ಇಟ್ಟುಕೊಳ್ಳುವ ಅಭಿಮಾನಿಗಳಿದ್ದಾರೆ. ದೀಪಾವಳಿಯ ಬಳಿಕ ಹೊರಟು ಮಳೆಗಾಲಕ್ಕೆ ಮುನ್ನ ಪತ್ತನಾಜೆಗೆ ಮುಗಿಯುವ, ಮೇಳದ ಒಂದು ತಿರುಗಾಟದಲ್ಲಿ ಇಂಥವರೊಬ್ಬರು ಇಡೀ ರಾತ್ರಿಯ 50 ಆಟಗಳನ್ನು ಫೋನಿನಲ್ಲೇ ಸೆರೆಹಿಡಿದರು ಎನ್ನಿ. ಐಫೋನ್ ತನ್ನ ಸೆಟ್ಟಿಂಗ್ಸ್‌ನಲ್ಲಿ ತೋರಿಸುವ ಲೆಕ್ಕದಂತೆ, ಸೆಕೆಂಡಿಗೆ 30 ಚೌಕಟ್ಟುಗಳ 4ಕೆ ವಿಡಿಯೊ ನಿಮಿಷಕ್ಕೆ ಸುಮಾರು 170 ಎಂಬಿ ತಿನ್ನುತ್ತದೆ. ಅದೇ ಎಚ್‌ಡಿಯಲ್ಲಾದರೆ ಸುಮಾರು 60 ಎಂಬಿ. ಎಂಟು ಗಂಟೆಯ ಒಂದು ಆಟಕ್ಕೆ 4ಕೆಯಲ್ಲಿ 80 ಜಿಬಿ ಬೇಕು, 50 ಆಟಗಳಿಗೆ 4 ಟಿಬಿ. ಎಚ್‌ಡಿಯಲ್ಲೇ ಹಿಡಿದರೂ ಒಂದೂವರೆ ಟಿಬಿಯ ಹತ್ತಿರ ಬರುತ್ತದೆ. ಮದುವೆ, ನಾಮಕರಣ, ಮಕ್ಕಳ ಶಾಲೆಯ ನಾಟಕ, ಅಜ್ಜಿಯ ಸೋಬಾನೆ ಪದಗಳನ್ನು ಇಪ್ಪತ್ತು ವರ್ಷ ಚಿತ್ರೀಕರಿಸುತ್ತ ಬಂದ ಕುಟುಂಬದ ಸಂಗ್ರಹವೂ ಸುಲಭವಾಗಿ ಈ ಅಳತೆಗೆ ಮುಟ್ಟುತ್ತದೆ. ಈ 4 ಟಿಬಿಯನ್ನೇ ನಮ್ಮ ಲೆಕ್ಕದ ಸೇರು ಮಾಡಿಕೊಳ್ಳುತ್ತೇನೆ.

ಮೊದಲು ಶಾಶ್ವತ ಎಂಬ ಮಾತನ್ನು ನೋಡೋಣ. ಕಳೆದ ಹತ್ತು ಹನ್ನೆರಡು ವರ್ಷಗಳ ಇತಿಹಾಸ ಈ ಮಾತಿಗೆ ನೇರ ವಿರುದ್ಧವಾಗಿದೆ. ಮೈಕ್ರೊಸಾಫ್ಟ್ 2014ರ ಅಕ್ಟೋಬರ್‌ನಲ್ಲಿ ಆಫೀಸ್ 365ರ ಚಂದಾದಾರರಿಗೆ ಒನ್‌ಡ್ರೈವ್‌ನಲ್ಲಿ ಮಿತಿಯಿಲ್ಲದ ಜಾಗ ಕೊಡುವುದಾಗಿ ಸಾರಿತು. ಒಂದೇ ವರ್ಷದಲ್ಲಿ, 2015ರ ನವೆಂಬರ್‌ನಲ್ಲಿ, ಅದನ್ನು ಹಿಂತೆಗೆದುಕೊಂಡು 1 ಟಿಬಿಗೆ ಇಳಿಸಿತು. ಅದಕ್ಕೆ ಕೊಟ್ಟ ಕಾರಣವನ್ನು ವಿಡಿಯೊ ಸಂಗ್ರಹಕಾರರು ಮರೆಯಬಾರದು: ಕೆಲವರು ತಮ್ಮ ಇಡೀ ಸಿನಿಮಾ ಸಂಗ್ರಹವನ್ನೂ ಟಿವಿಯ ಧ್ವನಿಚಿತ್ರಮುದ್ರಣಗಳನ್ನೂ ತುಂಬಿಸಿಟ್ಟಿದ್ದಾರೆ, ಕೆಲವು ಖಾತೆಗಳು 75 ಟಿಬಿ ಮೀರಿವೆ ಎಂದು ಕಂಪನಿ ಹೇಳಿತು. ಅಮೆಜಾನ್ 2015ರಲ್ಲಿ ವರ್ಷಕ್ಕೆ 60 ಡಾಲರ್‌ಗೆ ಮಿತಿಯಿಲ್ಲದ ಜಾಗ ಕೊಟ್ಟಿತು, 2017ರಲ್ಲಿ ಆ ಯೋಜನೆಯನ್ನು ನಿಲ್ಲಿಸಿತು, 2023ರ ಡಿಸೆಂಬರ್ 31ಕ್ಕೆ ಅಮೆಜಾನ್ ಡ್ರೈವ್ ಎಂಬ ಸೇವೆಯನ್ನೇ ಮುಚ್ಚಿತು. ಗೂಗಲ್ ಫೋಟೊಸ್ 2015ರಿಂದ ಕೊಡುತ್ತಿದ್ದ ಮಿತಿಯಿಲ್ಲದ ಉಚಿತ ಸೌಲಭ್ಯ 2021ರ ಜೂನ್ 1ಕ್ಕೆ ನಿಂತಿತು. ಬೇಕಾದಷ್ಟು ಜಾಗ ಎಂದು ಮಾರುತ್ತಿದ್ದ ಡ್ರಾಪ್‌ಬಾಕ್ಸ್‌ನ ವ್ಯಾಪಾರಿ ಯೋಜನೆ 2023ರ ಆಗಸ್ಟ್‌ನಲ್ಲಿ ಅದೇ ಹಾದಿ ಹಿಡಿಯಿತು. ನಾಲ್ಕೂ ಕಂಪನಿಗಳು ದೊಡ್ಡವು, ನಾಲ್ಕೂ ಇಂದಿಗೂ ಗಟ್ಟಿಯಾಗಿವೆ. ಮುಳುಗಿದ್ದು ಅವು ಕೊಟ್ಟ ಮಾತು.

ಇದರಲ್ಲಿ ಯಾರದ್ದೂ ದುರುದ್ದೇಶ ಕಾಣಬೇಕಾಗಿಲ್ಲ. ಜಾಗಕ್ಕೆ ಖರ್ಚಿದೆ, ಆ ಖರ್ಚನ್ನು ಯಾರಾದರೂ ಪ್ರತಿ ತಿಂಗಳು ಕಟ್ಟಲೇಬೇಕು. ಗ್ರಾಹಕರನ್ನು ಸೆಳೆಯುವಷ್ಟು ದಿನ ಕಂಪನಿ ಕಟ್ಟುತ್ತದೆ, ಸೆಳೆದಾದ ಮೇಲೆ ಗ್ರಾಹಕ ಕಟ್ಟುತ್ತಾನೆ. ಸಮಸ್ಯೆ ಇರುವುದು ಬಾಡಿಗೆಯ ಸ್ವಭಾವದಲ್ಲೇ. ಬಾಡಿಗೆ ನಿಂತ ದಿನ ಹಕ್ಕೂ ನಿಲ್ಲುತ್ತದೆ. ಕಾರ್ಡಿನ ಅವಧಿ ಮುಗಿದು ಹಣ ಕಟ್ಟುವುದು ತಪ್ಪಿಹೋಗಬಹುದು, ಹಳೆಯ ಫೋನ್ ನಂಬರ್ ಕೈಬಿಟ್ಟು ಒಟಿಪಿ ಬಾರದೆ ಹೋಗಬಹುದು, ಖಾತೆಯ ಒಡೆಯರೇ ತೀರಿಕೊಂಡು ಪಾಸ್‌ವರ್ಡ್ ಅವರೊಡನೆ ಹೋಗಬಹುದು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನೀತಿಯನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. 2022ರಲ್ಲಿ ಅಮೆರಿಕದ ಪತ್ರಿಕೆಗಳು ವರದಿ ಮಾಡಿದ ಒಂದು ಪ್ರಕರಣದಲ್ಲಿ, ಅನಾರೋಗ್ಯದ ಮಗುವಿನ ಚಿತ್ರವನ್ನು ವೈದ್ಯರಿಗೆಂದು ತೆಗೆದ ತಂದೆಯೊಬ್ಬರ ಖಾತೆಯನ್ನು ಗೂಗಲ್‌ನ ಯಂತ್ರಗಳು ತಪ್ಪಾಗಿ ಅನುಮಾನಿಸಿ ಮುಚ್ಚಿದವು. ಪೊಲೀಸರು ತನಿಖೆ ಮಾಡಿ ತಪ್ಪೇನೂ ಇಲ್ಲವೆಂದ ಮೇಲೂ ಖಾತೆ ತೆರೆಯಲಿಲ್ಲ. ಇಂಥದ್ದು ಅಪರೂಪ, ಒಪ್ಪಿಕೊಳ್ಳೋಣ. ಆದರೆ ಬದುಕಿನ ಎಲ್ಲ ಚಿತ್ರಗಳೂ ಒಂದೇ ಖಾತೆಯಲ್ಲಿದ್ದವರಿಗೆ ಆ ಅಪರೂಪ ಒಮ್ಮೆ ಬಂದರೂ ಸಾಕು.

ಇಲ್ಲಿ ಬಲ್ಲವರು ಒಂದು ಆಕ್ಷೇಪ ಎತ್ತುತ್ತಾರೆ. ದೊಡ್ಡ ಕಂಪನಿಗಳು ನಮ್ಮ ಫೈಲನ್ನು ಒಂದು ಕಡೆ ಮಾತ್ರ ಇಟ್ಟಿರುವುದಿಲ್ಲ, ಹಲವು ಕಟ್ಟಡಗಳಲ್ಲಿ ಹಲವು ಪ್ರತಿ ಇಟ್ಟಿರುತ್ತವೆ, ಅಮೆಜಾನ್‌ನ ಎಸ್3 ಸೇವೆ ಹನ್ನೊಂದು ಒಂಬತ್ತುಗಳ, ಅಂದರೆ ಶೇ 99.999999999ರಷ್ಟು ಬಾಳಿಕೆಯನ್ನು ಗುರಿಯಾಗಿಟ್ಟುಕೊಂಡಿದೆ, ನಿಮ್ಮ ಬೀರುವಿನ ಡಿಸ್ಕ್ ಇದಕ್ಕೆ ಸಮವೇ ಎಂದು ಕೇಳುತ್ತಾರೆ. ಯಂತ್ರದ ಬಾಳಿಕೆಯ ಮಾತಾದರೆ ಸಮವಲ್ಲ. ಆದರೆ ಆ ಹನ್ನೊಂದು ಒಂಬತ್ತುಗಳು ಡಿಸ್ಕ್ ಕೆಡುವ ಅಪಾಯವನ್ನು ಅಳೆಯುತ್ತವೆ. ಖಾತೆ ಮುಚ್ಚುವ, ನೀತಿ ಬದಲಾಗುವ, ಬಾಡಿಗೆ ತಪ್ಪುವ, ಮನೆಯವರೇ ಕೈತಪ್ಪಿ ಅಳಿಸುವ ಅಪಾಯಗಳನ್ನು ಅಳೆಯುವುದಿಲ್ಲ. ಫೋನಿನಲ್ಲಿ ಅಳಿಸಿದ್ದು ಕ್ಲೌಡ್‌ನಲ್ಲೂ ಅಳಿಯುವಂತೆ ಜೋಡಿಸಿದ ಖಾತೆಯಲ್ಲಿ ಹತ್ತು ಕಟ್ಟಡಗಳ ಹತ್ತು ಪ್ರತಿಗಳೂ ಒಂದೇ ಬೆರಳಿಗೆ ಅಧೀನ. ಒಂದೇ ತೀರ್ಮಾನಕ್ಕೆ ಒಟ್ಟಾಗಿ ಅಳಿಯುವ ಪ್ರತಿಗಳು ಎಷ್ಟಿದ್ದರೂ ಒಂದೇ ಪ್ರತಿಯ ಲೆಕ್ಕ. ಜೊತೆಗೆ, ಎಲ್ಲ ಕ್ಲೌಡ್‌ಗಳೂ ಅಷ್ಟು ಶಿಸ್ತಿನವೂ ಅಲ್ಲ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ದತ್ತಾಂಶ ಕೇಂದ್ರ ಸುಟ್ಟಾಗ ಬೇರೆ ಬ್ಯಾಕಪ್ ಇಟ್ಟುಕೊಳ್ಳದ ಗ್ರಾಹಕರ ಫೈಲುಗಳೂ ಸುಟ್ಟವು. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು, ಸರ್ಕಾರಿ ನೌಕರರು ಬಳಸುತ್ತಿದ್ದ ಜಿ-ಡ್ರೈವ್‌ನ 858 ಟಿಬಿ ನಾಶವಾಯಿತು. ಗಾತ್ರ ದೊಡ್ಡದೆಂಬ ಕಾರಣಕ್ಕೆ ಅದಕ್ಕೆ ಹೊರಗೆ ಇನ್ನೊಂದು ಪ್ರತಿ ಇರಲಿಲ್ಲ. ಒಂದು ದೇಶದ ಸರ್ಕಾರವೇ ‘ಇಷ್ಟು ದೊಡ್ಡದಕ್ಕೆ ಎರಡನೇ ಪ್ರತಿ ಯಾಕೆ’ ಎಂದುಕೊಂಡಾಗ ಆದದ್ದು ಇದು.

ಯೂಟ್ಯೂಬಿಗೆ ಏರಿಸಿದ್ದೇವಲ್ಲ, ಅಲ್ಲಿ ಉಚಿತವಾಗಿ ಇರುತ್ತದಲ್ಲ ಎನ್ನುವವರಿಗೂ ಉತ್ತರ ಇಲ್ಲೇ ಇದೆ. ಯೂಟ್ಯೂಬ್ ಪ್ರಸಾರದ ವೇದಿಕೆ. ಅಲ್ಲಿ ನೋಡಲು ಸಿಗುವುದು ನಮ್ಮ ಮೂಲ ಫೈಲನ್ನು ಮತ್ತೆ ಹಿಂಡಿ ಸಣ್ಣದಾಗಿಸಿದ ರೂಪ. ಯೂಟ್ಯೂಬ್ ಸ್ಟುಡಿಯೊದಿಂದ ನಮ್ಮದೇ ವಿಡಿಯೊವನ್ನು ಇಳಿಸಿಕೊಂಡರೆ ಸಿಗುವುದು ಹೆಚ್ಚೆಂದರೆ 720ಪಿ ಗುಣಮಟ್ಟದ್ದು. 90 ದಿನಗಳಲ್ಲಿ ಮೂರು ಹಕ್ಕುಸ್ವಾಮ್ಯದ ದೂರು ಗಟ್ಟಿಯಾದರೆ ಚಾನೆಲ್ಲೇ ಹೋಗಬಹುದು. ಆಟವನ್ನು ಜನರಿಗೆ ತೋರಿಸಲು ಅದು ಒಳ್ಳೆಯ ರಂಗಸ್ಥಳ. ವೇಷಭೂಷಣಗಳನ್ನು ರಂಗಸ್ಥಳದ ಮೇಲೆಯೇ ಬಿಟ್ಟು ಮಳೆಗಾಲಕ್ಕೆ ಊರಿಗೆ ಹೋಗುವ ಮೇಳ ಯಾವುದೂ ಇಲ್ಲ.

ಇನ್ನು ಅಗ್ಗದ ಮಾತು. ಭಾರತದಲ್ಲಿ ಗೂಗಲ್ ಒನ್‌ನ 2 ಟಿಬಿ ಯೋಜನೆಗೆ ವರ್ಷಕ್ಕೆ 6,500 ರೂಪಾಯಿಯ ದರ ಬಹುಕಾಲದಿಂದ ಪ್ರಚಲಿತ. ಅದೇ ದರ ಹಿಡಿದು ಲೆಕ್ಕ ಹಾಕಿದರೆ 4 ಟಿಬಿಗೆ ವರ್ಷಕ್ಕೆ 13,000, ಹತ್ತು ವರ್ಷಕ್ಕೆ 1,30,000 ರೂಪಾಯಿ. ಇದು ಒಂದು ಪ್ರತಿಗೆ, ಅದೂ ಸಂಗ್ರಹ ಒಂದು ಜಿಬಿಯೂ ಬೆಳೆಯುವುದಿಲ್ಲ, ದರ ಒಂದು ಪೈಸೆಯೂ ಏರುವುದಿಲ್ಲ ಎಂದುಕೊಂಡಾಗ. ಹೊರಗಿನಿಂದ ಜೋಡಿಸುವ 4 ಟಿಬಿ ಹಾರ್ಡ್ ಡಿಸ್ಕ್‌ನ ಬೆಲೆ ಏರಿಳಿಯುತ್ತದೆ. 12,000 ರೂಪಾಯಿ ಎಂದು ಹಿಡಿಯೋಣ. ಮೂರು ಡಿಸ್ಕ್ ಕೊಂಡು, ಐದು ವರ್ಷಕ್ಕೊಮ್ಮೆ ಮೂರನ್ನೂ ಬದಲಿಸಿದರೂ ಹತ್ತು ವರ್ಷಕ್ಕೆ ಬೇಕಾಗುವುದು ಆರು ಡಿಸ್ಕ್, 72,000 ರೂಪಾಯಿ. ಇಡೀ ಸಂಗ್ರಹದಲ್ಲಿ ಕಳೆದುಕೊಂಡರೆ ಮನಸ್ಸು ಒಡೆಯುವಂಥ 100 ಜಿಬಿಯನ್ನು ಆರಿಸಿ ಕ್ಲೌಡ್‌ನಲ್ಲೂ ಇಟ್ಟರೆ ವರ್ಷಕ್ಕೆ 1,300ರಂತೆ ಇನ್ನು 13,000 ರೂಪಾಯಿ. ಒಟ್ಟು 85,000. ಅತ್ತ ಒಂದು ಪ್ರತಿಗೆ ಒಂದು ಲಕ್ಷ ಮೂವತ್ತು ಸಾವಿರ, ಇತ್ತ ಮೂರು ಪೂರ್ಣ ಪ್ರತಿಗಳೂ ಸಾರದ ನಾಲ್ಕನೆಯ ಪ್ರತಿಯೂ ಎಂಬತ್ತೈದು ಸಾವಿರಕ್ಕೆ. ಸಂಗ್ರಹ ದೊಡ್ಡದಾದಷ್ಟೂ ಈ ಅಂತರ ಹಿಗ್ಗುತ್ತದೆ, ಏಕೆಂದರೆ ಡಿಸ್ಕ್‌ನ ಗಾತ್ರ ಇಮ್ಮಡಿಯಾದಾಗ ಅದರ ಬೆಲೆ ಸಾಮಾನ್ಯವಾಗಿ ಇಮ್ಮಡಿಯಾಗುವುದಿಲ್ಲ.

ಇದಕ್ಕಿಂತ ಅಗ್ಗದ ಕ್ಲೌಡ್ ಇದೆಯಲ್ಲ ಎಂದು ತಿಳಿದವರು ಹೇಳಬಹುದು. ಇದೆ. ಅಪರೂಪಕ್ಕೆ ಮುಟ್ಟುವ ಫೈಲುಗಳಿಗೆಂದೇ ಇರುವ ಅಮೆಜಾನ್‌ನ ಗ್ಲೇಸಿಯರ್ ಡೀಪ್ ಆರ್ಕೈವ್‌ನಲ್ಲಿ, ಅಮೆರಿಕದ ಕೇಂದ್ರಗಳ ದರದಂತೆ, ಒಂದು ಟಿಬಿಗೆ ತಿಂಗಳಿಗೆ ಸುಮಾರು ಒಂದು ಡಾಲರ್. ಆದರೆ ಈ ಕಣಜಕ್ಕೆ ತುಂಬುವ ಬಾಗಿಲು ದೊಡ್ಡದು, ತೆಗೆಯುವ ಬಾಗಿಲು ಕಿರಿದು. ಬೇಕೆಂದ ಫೈಲ್ ಕೈಗೆ ಬರಲು ಹನ್ನೆರಡು ಗಂಟೆಯಿಂದ ಎರಡು ದಿನ ಕಾಯಬೇಕು. ಹೊರಗೆ ಕಳಿಸುವ ಶುಲ್ಕ ಜಿಬಿಗೆ ಸುಮಾರು 9 ಸೆಂಟ್‌ನಂತೆ, 4 ಟಿಬಿಯನ್ನು ಒಟ್ಟಿಗೆ ವಾಪಸ್ ತರಿಸಿದರೆ 360 ಡಾಲರ್‌ನಷ್ಟಾಗುತ್ತದೆ. ಏಳು ವರ್ಷ ಇಟ್ಟ ಬಾಡಿಗೆಗಿಂತ ಒಮ್ಮೆ ತೆಗೆದ ಕೂಲಿ ಹೆಚ್ಚು. ಉಳಿದೆಲ್ಲವೂ ನಾಶವಾದಾಗ ಮಾತ್ರ ಮುಟ್ಟುವ ಕೊನೆಯ ಪ್ರತಿಯಾಗಿ ಇದು ಯೋಗ್ಯ, ಏಕೈಕ ಪ್ರತಿಯಾಗಿ ಅಲ್ಲ. ಯಾವ ಕ್ಲೌಡ್ ಆದರೂ ಸಮಯದ ಬೆಲೆಯೂ ಇದೆ. ಸೆಕೆಂಡಿಗೆ 40 ಮೆಗಾಬಿಟ್ ಏರಿಸುವ ಸಂಪರ್ಕ ಒಂದು ಕ್ಷಣವೂ ಬಿಡದೆ ದುಡಿದರೆ 4 ಟಿಬಿ ಏರಲು ಒಂಬತ್ತು ದಿನಕ್ಕೂ ಹೆಚ್ಚು ಬೇಕು. ಮನೆಯ ಫೈಬರ್ ಯೋಜನೆಗಳಲ್ಲಿ ತಿಂಗಳಿಗೆ 3,300 ಜಿಬಿ ಎಂಬ ಮಿತಿ ಸಾಮಾನ್ಯವಾದ್ದರಿಂದ ಒಂದು ತಿಂಗಳಲ್ಲಿ ಅದು ಮುಗಿಯುವುದೂ ಇಲ್ಲ.

ಹಾಗಾದರೆ ಶಾಶ್ವತವಾದ ವಸ್ತುವೊಂದನ್ನೇ ಕೊಂಡುಬಿಡೋಣ ಎಂಬ ಇನ್ನೊಂದು ಪಂಥವಿದೆ. ಅದೂ ಇದೇ ತಪ್ಪಿನ ಇನ್ನೊಂದು ಮುಖ, ಜಾಗದ ಬದಲು ವಸ್ತುವನ್ನು ನಂಬಿದ್ದಷ್ಟೇ ವ್ಯತ್ಯಾಸ. ಮದುವೆಯ ವಿಡಿಯೊ ಕ್ಯಾಸೆಟ್ ಶಾಶ್ವತವೆಂದು ಒಂದು ತಲೆಮಾರು ನಂಬಿತ್ತು; ವಿಎಚ್ಎಸ್ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ 2016ರಲ್ಲಿ ಕೈಬಿಟ್ಟಿತು. ಕ್ಯಾಸೆಟ್ ಇದ್ದರೂ ಓಡಿಸುವ ಯಂತ್ರ ಹುಡುಕಿ ಅಲೆಯಬೇಕಾದ ಸ್ಥಿತಿ ಈಗಿನದು. ಆಮೇಲೆ ವಿಸಿಡಿ, ಡಿವಿಡಿ ಬಂದವು. ಬರೆಯುವ ಬ್ಲೂ-ರೇ ಡಿಸ್ಕ್‌ಗಳನ್ನೂ ಮಿನಿ ಡಿವಿ ಕ್ಯಾಸೆಟ್‌ಗಳನ್ನೂ ತಯಾರಿಸುವುದನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಸಾವಿರ ವರ್ಷ ಬಾಳುತ್ತದೆಂದು ಮಾರುವ ಎಂ-ಡಿಸ್ಕ್‌ನಲ್ಲಿ ದೊಡ್ಡದೆಂದರೆ 100 ಜಿಬಿ. ನಮ್ಮ 4 ಟಿಬಿಗೆ ನಲವತ್ತು ತಟ್ಟೆ ಬೇಕು, ಸಾವಿರ ವರ್ಷದ ಮಾತು ಬಿಡಿ, ಇಪ್ಪತ್ತು ವರ್ಷದ ಬಳಿಕ ಅದನ್ನು ಓದುವ ಡ್ರೈವ್ ಅಂಗಡಿಯಲ್ಲಿ ಸಿಗಬೇಕು. ಎಸ್‌ಎಸ್‌ಡಿ ವೇಗಕ್ಕೆ ಹೆಸರಾದದ್ದು, ಬೀರುವಿನಲ್ಲಿ ಮಲಗಿಸಿಡಲು ಹೇಳಿ ಮಾಡಿಸಿದ್ದಲ್ಲ: ಬರೆಯುವ ಆಯುಷ್ಯ ತೀರಿದ ಮನೆಬಳಕೆಯ ಎಸ್‌ಎಸ್‌ಡಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಿದ್ಯುತ್ ಇಲ್ಲದೆ ಒಂದು ವರ್ಷ ನೆನಪು ಹಿಡಿದರೆ ಸಾಕೆನ್ನುತ್ತದೆ ಆ ಉದ್ಯಮದ ಮಾನದಂಡ. ದೊಡ್ಡ ಸಂಸ್ಥೆಗಳು ನೆಚ್ಚುವ ಎಲ್‌ಟಿಒ ಟೇಪ್ ನಿಜಕ್ಕೂ ಒಳ್ಳೆಯದು. 2021ರಲ್ಲಿ ಬಂದ ಒಂಬತ್ತನೇ ತಲೆಮಾರಿನ ಒಂದು ಟೇಪಿನಲ್ಲಿ 18 ಟಿಬಿ ಹಿಡಿಸುತ್ತದೆ. ಆದರೆ ಅದರ ಡ್ರೈವ್‌ಗೆ ಲಕ್ಷಗಳ ಲೆಕ್ಕದಲ್ಲಿ ಹಣ ಸುರಿಯಬೇಕು, ಎಂಟನೇ ತಲೆಮಾರಿನ ಡ್ರೈವ್ ಆರನೇ ತಲೆಮಾರಿನ ಟೇಪನ್ನು ಓದುವುದೇ ಇಲ್ಲ. ಟೇಪನ್ನು ಬಳಸುವ ಸಂಸ್ಥೆಗಳೂ ಕೆಲವು ವರ್ಷಕ್ಕೊಮ್ಮೆ ಎಲ್ಲವನ್ನೂ ಹೊಸ ಟೇಪಿಗೆ ಪ್ರತಿ ಮಾಡುತ್ತಲೇ ಇರುತ್ತವೆ. ವಸ್ತು ಯಾವುದಾದರೂ ಕೆಲಸ ತಪ್ಪುವುದಿಲ್ಲ.

ಈ ಮಾತು ಕನ್ನಡಕ್ಕೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ಮಲ್ಲಪ, ಪುನ್ನಮಯ್ಯ ಎಂಬ ಸೋದರರು ಪೊನ್ನನಿಂದ ಶಾಂತಿಪುರಾಣ ಬರೆಸಿದರು. ಮಲ್ಲಪನ ಮಗಳು ಅತ್ತಿಮಬ್ಬೆ. ತನ್ನ ತಂದೆ ಬರೆಸಿದ ಆ ಕಾವ್ಯದ ಸಾವಿರ ಪ್ರತಿಗಳನ್ನು ಮಾಡಿಸಿ ಆಕೆ ಹಂಚಿದಳು. ಓಲೆಗರಿಯನ್ನು ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು ಅವಳಿಗೆ ಸುಲಭವಿತ್ತು, ಅಗ್ಗವೂ ಆಗುತ್ತಿತ್ತು. ಆದರೆ ಗರಿಗೆ ಹುಳು ಬೀಳುತ್ತದೆ, ಪೆಟ್ಟಿಗೆಗೆ ಬೆಂಕಿ ಬೀಳುತ್ತದೆ, ಊರಿಗೆ ದಂಡು ಬರುತ್ತದೆ. ಸಾವಿರ ಊರಿಗೆ ಒಟ್ಟಿಗೆ ಬರುವ ಕೇಡು ಕಡಿಮೆ. ಶಾಂತಿಪುರಾಣ ಇಂದು ನಮಗೆ ಓದಲು ಸಿಗುತ್ತದೆ. ಅದೇ ಪೊನ್ನನ ಭುವನೈಕ ರಾಮಾಭ್ಯುದಯ ಸಿಗುವುದಿಲ್ಲ. ಪ್ರತಿಗಳ ಸಂಖ್ಯೆಯೊಂದೇ ಇದಕ್ಕೆ ಕಾರಣವೆಂದು ಯಾರೂ ಪ್ರಮಾಣ ಮಾಡಲಾರರು, ಆದರೆ ನಮ್ಮ ಹಳೆಯ ಸಾಹಿತ್ಯದಲ್ಲಿ ಉಳಿದದ್ದೆಲ್ಲ ಯಾರೋ ಕುಳಿತು ಪ್ರತಿ ಮಾಡಿದ್ದರಿಂದಲೇ ಉಳಿದಿದೆ. ಯಕ್ಷಗಾನದಲ್ಲೂ ಹಾಗೆಯೇ. ಭಾಗವತ ಕಾಳಿಂಗ ನಾವಡರು 1990ರಲ್ಲಿ ಎಳೆಯ ವಯಸ್ಸಿನಲ್ಲೇ ಅಪಘಾತದಲ್ಲಿ ತೀರಿಕೊಂಡರೂ ಅವರ ಕಂಠ ಇಂದಿನ ಕೇಳುಗರಿಗೆ ದಕ್ಕಿದ್ದು ಕ್ಯಾಸೆಟ್‌ಗಳಿಂದ. ಆದರೆ ಓಲೆಗರಿಯ ಪ್ರತಿಕಾರನ ಕೈಯಲ್ಲಿ ಪಾಠಾಂತರ ಹುಟ್ಟುತ್ತಿತ್ತು, ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಇಳಿಸಿದಂತೆ ಗರಗರ ಹೆಚ್ಚುತ್ತಿತ್ತು. ಡಿಜಿಟಲ್ ಪ್ರತಿಗೆ ಈ ದೋಷವಿಲ್ಲ. ನೂರನೆಯ ಪ್ರತಿಯೂ ಮೂಲದಷ್ಟೇ ಶುದ್ಧ, ಶುದ್ಧವೆಂದು ಯಂತ್ರದಿಂದಲೇ ಪರೀಕ್ಷಿಸಿ ತಿಳಿಯಬಹುದು. ಹಿಂದಿನ ಯಾವ ತಲೆಮಾರಿಗೂ ಸಿಗದ ಈ ಅನುಕೂಲ ಕೈಯಲ್ಲಿದ್ದೂ ನಾವು ಒಂದೇ ಪ್ರತಿಯನ್ನು ಪರರ ಪೆಟ್ಟಿಗೆಯಲ್ಲಿಟ್ಟು ನಿಶ್ಚಿಂತರಾಗುವುದು ವಿವೇಕವಲ್ಲ.

ಹಾರ್ಡ್ ಡಿಸ್ಕ್ ಕೆಡುವುದಿಲ್ಲವೇ ಎಂಬ ಪ್ರಶ್ನೆ ಖಂಡಿತ ಏಳುತ್ತದೆ. ಕೆಡುತ್ತದೆ, ಎಲ್ಲ ಡಿಸ್ಕೂ ಒಂದು ದಿನ ಕೆಡುತ್ತದೆ. ತನ್ನ ಲಕ್ಷಗಟ್ಟಲೆ ಡಿಸ್ಕ್‌ಗಳ ಕೆಡುಕಿನ ಲೆಕ್ಕವನ್ನು 2013ರಿಂದ ಪ್ರಕಟಿಸುತ್ತ ಬಂದಿರುವ ಬ್ಯಾಕ್‌ಬ್ಲೇಜ್ ಕಂಪನಿಯ ಅಂಕಿಗಳಂತೆ, ಈಚಿನ ವರ್ಷಗಳಲ್ಲಿ ನೂರಕ್ಕೆ ಒಂದೆರಡು ಡಿಸ್ಕ್ ವರ್ಷದಲ್ಲಿ ಕೈಕೊಡುತ್ತವೆ. ಅದು ಹವಾನಿಯಂತ್ರಿತ ಕೋಣೆಯ ಮಾತು. ನಮ್ಮ ಧೂಳು, ಸೆಕೆ, ಕರೆಂಟಿನ ಏರಿಳಿತಗಳನ್ನು ನೆನೆದು ನೂರಕ್ಕೆ ಐದು ಎಂದೇ ಹಿಡಿಯೋಣ. ಒಂದೇ ಡಿಸ್ಕ್ ಇದ್ದರೆ ಆ ವರ್ಷ ಎಲ್ಲವನ್ನೂ ಕಳೆದುಕೊಳ್ಳುವ ಸಂಭವ ಇಪ್ಪತ್ತರಲ್ಲಿ ಒಂದು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಡಿಸ್ಕ್ ಇದ್ದರೆ ನಾನೂರರಲ್ಲಿ ಒಂದು, ಮೂರಿದ್ದರೆ ಎಂಟು ಸಾವಿರದಲ್ಲಿ ಒಂದು. ಕೆಟ್ಟದ್ದನ್ನು ಕೂಡಲೇ ಗುರುತಿಸಿ ಬದಲಿಸಿದರೆ ಅಪಾಯ ಇನ್ನೂ ಇಳಿಯುತ್ತದೆ. ಯಾವ ಡಿಸ್ಕ್‌ನ ಗುಣವನ್ನೂ ನಂಬದೆಯೇ ಸಿಗುವ ಭದ್ರತೆ ಇದು, ಇದರ ಬಲವೆಲ್ಲ ಇರುವುದು ‘ಸಂಬಂಧವಿಲ್ಲದ’ ಎಂಬ ಪದದಲ್ಲಿ. ಒಂದೇ ಮೇಜಿನ ಮೇಲೆ, ಒಂದೇ ಪ್ಲಗ್ಗಿಗೆ ಜೋಡಿಸಿದ ಮೂರು ಡಿಸ್ಕ್‌ಗಳನ್ನು ಮಲೆನಾಡಿನ ಒಂದು ಸಿಡಿಲು ಒಟ್ಟಿಗೆ ಸುಡಬಲ್ಲದು. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಜರಿದಾಗ, 2019ರಲ್ಲಿ ಕೃಷ್ಣೆ, ಮಲಪ್ರಭೆಗಳು ಊರುಗಳಿಗೆ ನುಗ್ಗಿದಾಗ, ಮನೆಯೊಳಗೆ ಎಷ್ಟು ಪ್ರತಿಗಳಿದ್ದರೂ ಅವೆಲ್ಲದರ ಗತಿ ಒಂದೇ.

ಛಾಯಾಗ್ರಾಹಕ ಪೀಟರ್ ಕ್ರೋ ರೂಢಿಗೆ ತಂದ 3-2-1 ಎಂಬ ಸೂತ್ರ ಹೇಳುವುದು ಇದನ್ನೇ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯ ಹೊರಗೆ. ನಮ್ಮ ಸಂಗ್ರಹಕ್ಕೆ ಇದನ್ನು ಅಳವಡಿಸುವುದು ಕಷ್ಟವಲ್ಲ. ಒಂದು ಡಿಸ್ಕ್ ದಿನಬಳಕೆಗೆ. ಎರಡನೆಯದು ಬೇರೆ ಕಂಪನಿಯದ್ದು, ಪ್ರತಿ ಮುಗಿದ ಕೂಡಲೇ ವೈರ್ ಕಳಚಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ. ಕರಾವಳಿಯ ಮಳೆಗಾಲಕ್ಕೆ ಇದು ತೀರ ಅಗತ್ಯ. ಮೂರನೆಯದು ಬೇರೆ ಊರಿನ ಅಕ್ಕನ ಮನೆಯಲ್ಲೋ ಬ್ಯಾಂಕ್ ಲಾಕರಿನಲ್ಲೋ ಇರಲಿ. ಎರಡನೆಯ ಬಗೆಯ ಮಾಧ್ಯಮವಾಗಿ, ಆರಿಸಿದ ಸಾರಕ್ಕೆ ಮಾತ್ರ ಕ್ಲೌಡ್. ಹೀಗೆ ಕ್ಲೌಡ್‌ಗೂ ಇಲ್ಲಿ ಮರ್ಯಾದೆಯ ಸ್ಥಾನವಿದೆ. ನಾನು ಖಂಡಿಸುತ್ತಿರುವುದು ಅದನ್ನು ಬಳಸುವುದನ್ನಲ್ಲ, ಅದೊಂದನ್ನೇ ನೆಚ್ಚಿ ಕೂರುವುದನ್ನು. ಇನ್ನೊಂದು ಎಚ್ಚರಿಕೆ: ಎರಡು ಡಿಸ್ಕ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಒಂದರ ಕನ್ನಡಿಯಾಗಿ ಇನ್ನೊಂದನ್ನು ಓಡಿಸುವ ರೇಡ್ ವ್ಯವಸ್ಥೆಯನ್ನು ಬ್ಯಾಕಪ್ ಎಂದುಕೊಳ್ಳಬಾರದು. ಒಂದರಲ್ಲಿ ಅಳಿಸಿದ್ದು ಆ ಕ್ಷಣವೇ ಇನ್ನೊಂದರಲ್ಲೂ ಅಳಿಯುತ್ತದೆ.

ಇದಕ್ಕೆಲ್ಲ ಸಾಮಾನ್ಯ ಜನರಿಗೆ ತಾಳ್ಮೆ ಎಲ್ಲಿದೆ ಎಂಬುದು ಎಲ್ಲಕ್ಕಿಂತ ಪ್ರಾಮಾಣಿಕವಾದ ಆಕ್ಷೇಪ. ಕ್ಲೌಡ್‌ನ ನಿಜವಾದ ಆಕರ್ಷಣೆಯೂ ಅದೇ, ಅದು ತಾನಾಗಿ ನಡೆಯುತ್ತದೆ. ಈ ಮಾತನ್ನು ತಳ್ಳಿಹಾಕಲಾಗದು. ಮರೆತುಹೋಗುವ ಮೂರು ಪ್ರತಿಗಳಿಗಿಂತ ತಾನಾಗಿ ಆಗುವ ಒಂದು ಪ್ರತಿ ಮೇಲು. ಆದರೆ ಬೇಕಾದ ತಾಳ್ಮೆ ಎಷ್ಟು ಎಂದು ಅಳೆದು ನೋಡಬೇಕು. ಹೊಸ ವಿಡಿಯೊಗಳನ್ನು ತಿಂಗಳಿಗೊಮ್ಮೆ ಎರಡನೇ ಡಿಸ್ಕಿಗೆ ಇಳಿಸಲು ನಾವು ಎದುರು ಕೂರಬೇಕಾಗಿಲ್ಲ, ಜೋಡಿಸಿ ಮಲಗಿದರೆ ಬೆಳಿಗ್ಗೆ ಮುಗಿದಿರುತ್ತದೆ. ವರ್ಷಕ್ಕೊಮ್ಮೆ ಮೂರೂ ಡಿಸ್ಕ್‌ಗಳನ್ನು ಓಡಿಸಿ, ಚೆಕ್‌ಸಮ್ ತಾಳೆ ನೋಡಿ, ಅಲ್ಲಲ್ಲಿ ಕೆಲವು ವಿಡಿಯೊಗಳನ್ನು ತೆರೆದು ನೋಡಬೇಕು. ಚೆಕ್‌ಸಮ್ ಎಂದರೆ ಫೈಲಿನ ಬೆರಳಚ್ಚು. ಒಂದು ಅಕ್ಷರದಷ್ಟು ದತ್ತ ಬದಲಾದರೂ ಅದು ಬದಲಾಗುತ್ತದೆ, ಅದನ್ನು ಲೆಕ್ಕಹಾಕುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಇದಕ್ಕೊಂದು ದಿನವನ್ನೂ ನಮ್ಮ ಪಂಚಾಂಗವೇ ಕೊಟ್ಟಿದೆ. ಆಯುಧ ಪೂಜೆಯಂದು ಕತ್ತಿ, ನೇಗಿಲು, ಹೊಲಿಗೆ ಯಂತ್ರ, ಬೈಕು, ಲಾರಿಗಳನ್ನೆಲ್ಲ ಇಳಿಸಿ ತೊಳೆದು ಸರಿಪಡಿಸುವ ನಾಡಿದು. ದುಡಿಯುವ ಸಲಕರಣೆಯನ್ನು ವರ್ಷಕ್ಕೊಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡಬೇಕೆಂಬ ವಿವೇಕ ಆ ಹಬ್ಬದೊಳಗಿದೆ. ಕುಂಕುಮ ಹಚ್ಚುವ ವಸ್ತುಗಳ ಸಾಲಿಗೆ ಈ ಮೂರು ಡಿಸ್ಕ್‌ಗಳೂ ಸೇರಲಿ.

ಇಷ್ಟೆಲ್ಲ ಉಳಿಸುವುದೇ ಯಾಕೆ, ಮತ್ತೆ ಯಾರು ನೋಡುತ್ತಾರೆ ಎಂದು ಕೇಳುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಎಲ್ಲವನ್ನೂ ಉಳಿಸಬೇಕಾಗಿಲ್ಲ. ಕಾಲಿನ ಚಿತ್ರ ಬಂದ ಅರ್ಧ ಗಂಟೆ, ಒಂದೇ ದೃಶ್ಯದ ಐದು ತುಣುಕು, ವಾಟ್ಸ್ಆ್ಯಪ್‌ನಲ್ಲಿ ಬಂದ ಶುಭಾಶಯದ ವಿಡಿಯೊ ಇವನ್ನು ಅಳಿಸುವುದಕ್ಕಿಂತ ಅಗ್ಗದ ಸಂಗ್ರಹವಿಧಾನ ಇನ್ನೊಂದಿಲ್ಲ. ಉಳಿಸಿದ್ದಕ್ಕೆ ಹೆಸರು ಕೊಡಬೇಕು. ದಿನಾಂಕ, ಸ್ಥಳ, ಪ್ರಸಂಗ, ಭಾಗವತರು ಯಾರು, ಮುಖ್ಯ ವೇಷಗಳು ಯಾರವು ಎಂದು ಫೈಲಿನ ಹೆಸರಿನಲ್ಲೋ ಪಕ್ಕದ ಒಂದು ಪಟ್ಟಿಯಲ್ಲೋ ಬರೆದಿಡದಿದ್ದರೆ 4 ಟಿಬಿ ಇದ್ದೂ ಇಲ್ಲದಂತೆ. ಆ ಪಟ್ಟಿ, ಪಾಸ್‌ವರ್ಡ್, ಯಾವ ಡಿಸ್ಕ್ ಎಲ್ಲಿದೆ ಎಂಬ ವಿವರಗಳನ್ನು ಕಾಗದದಲ್ಲೂ ಬರೆದು ಮನೆಯ ಇನ್ನೊಬ್ಬರಿಗೆ ತಿಳಿಸಿರಬೇಕು. ಆದರೆ ಯಾರು ನೋಡುತ್ತಾರೆ ಎಂಬ ಪ್ರಶ್ನೆಗೆ ಇಂದೇ ಉತ್ತರ ಕೊಡಲು ಯಾರಿಗೂ ಆಗದು. ಒಂದು ಆಟದ ಮುದ್ರಣದ ಬೆಲೆ ಅದರಲ್ಲಿ ಕುಣಿದವರು ಇಲ್ಲವಾದ ಮೇಲೆಯೇ ತಿಳಿಯುವುದು.

ಅಂಥ ದೊಡ್ಡ ಜವಾಬ್ದಾರಿ ಸಂಸ್ಥೆಗಳದ್ದು, ವ್ಯಕ್ತಿಗಳು ಯಾಕೆ ಹೊರಬೇಕು ಎಂಬ ಕೊನೆಯ ಮಾತಿಗೂ ಇತಿಹಾಸವೇ ಉತ್ತರ ಹೇಳುತ್ತದೆ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಾದ ಒಂದು ಪ್ರತಿಯೂ ಉಳಿದಿಲ್ಲ. ಭಾರತದ ಮೊದಲ ವಾಕ್ಚಿತ್ರ ಆಲಂ ಆರಾದ ಕಥೆಯೂ ಅದೇ. 2003ರ ಜನವರಿಯಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಉಗ್ರಾಣಕ್ಕೆ ಬೆಂಕಿ ಬಿದ್ದು ಹಳೆಯ ನೈಟ್ರೇಟ್ ರೀಲುಗಳು ಸುಟ್ಟುಹೋದವು. ಇದಕ್ಕೆ ಎದುರಾಗಿ ಇನ್ನೊಂದು ನೆನಪು: 1998ರಲ್ಲಿ ಪಿಕ್ಸರ್ ಸ್ಟುಡಿಯೊದಲ್ಲಿ ಟಾಯ್ ಸ್ಟೋರಿ 2 ಚಿತ್ರದ ಬಹುಪಾಲು ಫೈಲುಗಳು ತಪ್ಪು ಆದೇಶವೊಂದರಿಂದ ಅಳಿದುಹೋದವು, ಕಂಪನಿಯ ಬ್ಯಾಕಪ್ ಕೆಲಸ ಮಾಡುತ್ತಿರಲಿಲ್ಲ ಎಂಬುದು ಆಗಲೇ ಗೊತ್ತಾದದ್ದು. ಚಿತ್ರ ಉಳಿದದ್ದು ಗೇಲಿನ್ ಸುಸ್ಮನ್ ಎಂಬ ತಂತ್ರಜ್ಞೆ ಬಾಣಂತನದ ಕಾಲದಲ್ಲಿ ಕೆಲಸ ಮಾಡಲೆಂದು ತನ್ನ ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದ ಪ್ರತಿಯಿಂದ. ಸಂಸ್ಥೆ ಸೋತಲ್ಲಿ ಮನೆಯ ಪ್ರತಿ ಗೆದ್ದಿತು.

ಆದ್ದರಿಂದ ಯಾವ ಕ್ಲೌಡ್ ಒಳ್ಳೆಯದು, ಯಾವ ಡಿಸ್ಕ್ ಗಟ್ಟಿ ಎಂಬ ಪ್ರಶ್ನೆಯಿಂದ ಹೊರಡಬೇಡಿ. ಈಗ ನಿಮ್ಮ ಸಂಗ್ರಹದ ಎಷ್ಟು ಪ್ರತಿಗಳಿವೆ, ಅವು ಎಷ್ಟು ಬೇರೆ ಬೇರೆ ಕಡೆ ಇವೆ, ಅವನ್ನು ಕೊನೆಯ ಸಲ ತೆರೆದು ನೋಡಿದ್ದು ಯಾವಾಗ ಎಂದು ಕೇಳಿಕೊಳ್ಳಿ. ಉತ್ತರ ‘ಒಂದು’ ಎಂದಾದರೆ, ಅದು ಎಷ್ಟೇ ದೊಡ್ಡ ಕಂಪನಿಯ ಬಳಿ ಇದ್ದರೂ, ಈ ತಿಂಗಳ ಖರ್ಚಿನಲ್ಲಿ ಒಂದು ಡಿಸ್ಕ್‌ಗೆ ಹಣ ತೆಗೆದಿಡಿ. ಎರಡನೆಯ ಪ್ರತಿ ಆಗುವವರೆಗೆ ನಿಮ್ಮ ಸಂಗ್ರಹ ಉಳಿದಿದೆ ಎಂದು ತಿಳಿಯಬೇಡಿ. ಇನ್ನೂ ಕಳೆದುಹೋಗಿಲ್ಲ, ಅಷ್ಟೇ.